ಮುಪ್ಪು ಮತ್ತು ರೋಗನಿದಾನ: ಡಾ. ಮಾರ್ಜರಿ ವಾರನ್ ಅವರ ವೈದ್ಯವೃತ್ತಿ

ವೈದ್ಯಶಾಸ್ತ್ರವನ್ನು ಎಂಟು ಅಂಗಗಳಾಗಿ ವಿಭಾಗಿಸಿದ ನಮ್ಮ ಆಯುರ್ವೇದಾಚಾರ್ಯರು ಕಾಯಚಿಕಿತ್ಸೆಯನ್ನು ಅವುಗಳಲ್ಲಿ ಒಂದನ್ನಾಗಿಯೂ, ಜರಾಚಿಕಿತ್ಸೆ ಅಥವಾ ರಸಾಯನವನ್ನು ಇನ್ನೊಂದನ್ನಾಗಿಯೂ ಎಣಿಸಿದ್ದಾರೆ. ದೇಹದೊಳಗಿನ ರೋಗಗಳನ್ನು ಅರಿತು ಗುಣಪಡಿಸುವುದು ಮೊದಲನೆಯದರ ಕಾರ್ಯ. ಮುಪ್ಪಿನ ಕಾಲದಲ್ಲಿ ಆಯುಸ್ಸನ್ನೂ ಬಲವನ್ನೂ ಕಾಪಾಡುವುದು ಎರಡನೆಯದರ ಗುರಿ. ಆಧುನಿಕ ಪಾಶ್ಚಾತ್ಯ ವೈದ್ಯದಲ್ಲಿ ಈ ಎರಡಕ್ಕೂ ಇರುವ ಸಂಬಂಧವು ಬಹುಕಾಲ ಸ್ಪಷ್ಟವಾಗಿರಲಿಲ್ಲ. ವೃದ್ಧರ ಚಿಕಿತ್ಸೆಗೆ 'ಜೀರಿಯಾಟ್ರಿಕ್ಸ್' ಎಂಬ ಹೆಸರನ್ನು 1909ರಲ್ಲಿ ಸೂಚಿಸಿದವನು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಷರ್. ಆ ವಿಷಯವಾಗಿ 1914ರಲ್ಲಿ ಆತನು ಗ್ರಂಥವೊಂದನ್ನೂ ಪ್ರಕಟಿಸಿದನು. ಆದರೆ ಹೆಸರು ಹುಟ್ಟಿದ ಮಾತ್ರಕ್ಕೆ ಶಾಸ್ತ್ರ ಹುಟ್ಟಿದಂತಾಗಲಿಲ್ಲ. ಆಸ್ಪತ್ರೆಯ ಹಾಸಿಗೆಯ ಬಳಿಯಲ್ಲಿ ಅದಕ್ಕೆ ಕಾರ್ಯರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ಡಾ. ಮಾರ್ಜರಿ ವಾರನ್. ಅವರ ವೃತ್ತಿಜೀವನವನ್ನು ಪರಿಶೀಲಿಸಿ, ವೃದ್ಧರ ಚಿಕಿತ್ಸೆಗೆ ಕರುಣೆಯಷ್ಟೇ ರೋಗನಿದಾನವೂ ಆಧಾರವೆಂಬುದನ್ನು ವಿಶದಪಡಿಸುವುದು ಈ ಲೇಖನದಲ್ಲಿ ನಮ್ಮ ಉದ್ದೇಶ.

ವಾರನ್ ಅವರು 1897ರಲ್ಲಿ ಲಂಡನ್ನಿನಲ್ಲಿ ಜನಿಸಿದರು. 1923ರಲ್ಲಿ ವೈದ್ಯಪದವಿಯನ್ನು ಪಡೆದು, 1926ರಲ್ಲಿ ಐಲ್‌ವರ್ತ್ ಎಂಬಲ್ಲಿಯ ಆಸ್ಪತ್ರೆಯನ್ನು ಸೇರಿದರು. ಮುಂದೆ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯೆಂದು ಹೆಸರಾದದ್ದು ಇದೇ. ಮೊದಲು ಅವರ ಒಲವು ಶಸ್ತ್ರಚಿಕಿತ್ಸೆಯ ಕಡೆಗಿತ್ತು. ಆಸ್ಪತ್ರೆಯ ಪಕ್ಕದಲ್ಲಿಯೇ 'ವರ್ಕ್‌ಹೌಸ್' ಎಂಬ ಬಡವರ ಆಶ್ರಯಗೃಹವೊಂದಿತ್ತು. 1834ರ ಬಡವರ ಕಾಯಿದೆಯ ಕಾಲದಿಂದ ಇಂಥ ಗೃಹಗಳು ದಿಕ್ಕಿಲ್ಲದವರಿಗೂ ದುಡಿಯಲಾರದವರಿಗೂ ಕೊನೆಯ ನೆಲೆಯಾಗಿದ್ದುವು. 1929ರ ಶಾಸನದಿಂದ ಇವುಗಳ ಆಡಳಿತವು ಜಿಲ್ಲಾ ಮಂಡಲಿಗಳ ಕೈಸೇರಿತು. ಅದರ ಫಲವಾಗಿ 1935ರಲ್ಲಿ ಪಕ್ಕದ ಆಶ್ರಯಗೃಹವು ಆಸ್ಪತ್ರೆಯೊಡನೆ ಸೇರಿಕೊಂಡಾಗ, ಅಲ್ಲಿದ್ದ 714 ಮಂದಿ ದೀರ್ಘರೋಗಿಗಳ ಹೊಣೆ ವಾರನ್ ಅವರ ಪಾಲಿಗೆ ಬಂದಿತು.

ಆ ವಾರ್ಡುಗಳ ಸ್ಥಿತಿಯನ್ನು ತಿಳಿದರೆ ಅವರ ಕಾರ್ಯದ ಮಹತ್ತ್ವ ಮನದಟ್ಟಾಗುತ್ತದೆ. ಮುದುಕರು, ನಡುವಯಸ್ಸಿನವರು, ಲಕ್ವ ಹೊಡೆದವರು, ಬುದ್ಧಿ ಮಂಕಾದವರು, ಕೇವಲ ನಿಶ್ಶಕ್ತರು — ಎಲ್ಲರೂ ಒಂದೇ ಕಡೆ ಬೆರೆತು ಮಲಗಿದ್ದರು. ಇವರನ್ನು ಒಂದುಗೂಡಿಸಿದ್ದ ಲಕ್ಷಣ ಒಂದೇ: 'ಇವರು ಗುಣವಾಗುವವರಲ್ಲ' ಎಂಬ ತೀರ್ಮಾನ. ಆದರೆ 'ದೀರ್ಘರೋಗಿ' ಎಂಬುದು ರೋಗದ ಹೆಸರಲ್ಲ. ಅದು ಕಾಲದ ಅಳತೆ ಮಾತ್ರ. ಒಬ್ಬನು ಎಷ್ಟು ದಿನದಿಂದ ಮಲಗಿದ್ದಾನೆಂಬುದನ್ನು ಅದು ಹೇಳುತ್ತದೆ. ಏಕೆ ಮಲಗಿದ್ದಾನೆಂಬುದನ್ನು ಹೇಳುವುದಿಲ್ಲ.

ವಾರನ್ ಅವರು ಕೈಗೊಂಡ ಮೊದಲ ಕೆಲಸ ಪ್ರತಿಯೊಬ್ಬ ರೋಗಿಯನ್ನೂ ಹೊಸದಾಗಿ ಬಂದವನೆಂದೇ ಭಾವಿಸಿ ಪರೀಕ್ಷಿಸಿದ್ದು. ಬಳಿಕ ಅವರು ರೋಗಿಗಳನ್ನು ಐದು ವರ್ಗಗಳಾಗಿ ವಿಂಗಡಿಸಿದರು: ಎದ್ದು ಓಡಾಡಬಲ್ಲವರು, ಹಾಸಿಗೆ ಹಿಡಿದಿದ್ದರೂ ಮಲಮೂತ್ರಗಳ ಹತೋಟಿಯುಳ್ಳವರು, ಆ ಹತೋಟಿ ತಪ್ಪಿದವರು, ಮುಪ್ಪಿನಿಂದ ಬುದ್ಧಿ ಮಸುಕಾಗಿದ್ದರೂ ಶಾಂತರಾಗಿದ್ದವರು, ಇತರರಿಂದ ಪ್ರತ್ಯೇಕವಾಗಿ ನೋಡಿಕೊಳ್ಳಬೇಕಾದಷ್ಟು ಬುದ್ಧಿಭ್ರಂಶವಾಗಿದ್ದವರು. ಒಂದೊಂದು ವರ್ಗಕ್ಕೂ ಬೇಕಾದ ಶುಶ್ರೂಷೆ ಬೇರೆ, ನಿರೀಕ್ಷಿಸಬಹುದಾದ ಫಲ ಬೇರೆ. ಇದರೊಡನೆ ವಾರ್ಡಿನ ಪರಿಸರವನ್ನೂ ಅವರು ಬದಲಾಯಿಸಿದರು. ಮಂಕಾದ ಗೋಡೆಗಳಿಗೆ ತಿಳಿಬಣ್ಣ ಬಂದಿತು. ಹಿಡಿದು ನಡೆಯಲು ಕಂಬಿಗಳೂ, ಊರಿ ಏಳಲು ಗಟ್ಟಿಯಾದ ಕುರ್ಚಿಗಳೂ ಬಂದುವು. ವೈದ್ಯ, ದಾದಿ, ಅಂಗವ್ಯಾಯಾಮ ಮಾಡಿಸುವವರು, ಸಮಾಜಕಾರ್ಯಕರ್ತರು ಒಂದು ತಂಡವಾಗಿ ಕೆಲಸಮಾಡುವ ಪದ್ಧತಿ ಬೆಳೆಯಿತು.

ಹಾಸಿಗೆಯಿಂದ ಎಬ್ಬಿಸುವುದಕ್ಕೆ ಇಷ್ಟು ಪ್ರಾಧಾನ್ಯವೇಕೆ? ಇದರ ಕಾರಣವನ್ನು ಶರೀರಶಾಸ್ತ್ರದ ದೃಷ್ಟಿಯಿಂದ ವಿಚಾರಿಸೋಣ. ವಿಶ್ರಾಂತಿಯು ರೋಗಿಗೆ ಹಿತವೆಂಬುದು ಸಾಮಾನ್ಯ ನಂಬಿಕೆ. ಆದರೆ ಬಹುಕಾಲ ಮಲಗಿದ ದೇಹದಲ್ಲಿ ಸ್ನಾಯುಗಳು ಸೊರಗುತ್ತವೆ. ಕೀಲುಗಳು ಮಡಿಸಿದಂತೆಯೇ ಬಿಗಿದುಕೊಳ್ಳುತ್ತವೆ. ಎಲುಬುಗಳು ಸುಣ್ಣದ ಅಂಶವನ್ನು ಕಳೆದುಕೊಳ್ಳುತ್ತವೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು. ಒತ್ತಡ ಬಿದ್ದೆಡೆ ಚರ್ಮ ಕೊಳೆತು ಹಾಸಿಗೆಹುಣ್ಣಾಗುತ್ತದೆ. ನಿಲ್ಲುವ ಅಭ್ಯಾಸ ತಪ್ಪಿದವನಿಗೆ ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ಸುತ್ತುತ್ತದೆ. ಆ ಭಯದಿಂದ ಅವನು ಮತ್ತೆ ಮಲಗುತ್ತಾನೆ. ಹೀಗೆ ಮಲಗಿದ್ದರ ಫಲವೇ ಮಲಗಿರುವುದಕ್ಕೆ ಕಾರಣವೂ ಆಗುತ್ತದೆ. 1947ರಲ್ಲಿ ರಿಚರ್ಡ್ ಆಷರ್ ಎಂಬ ಲಂಡನ್ನಿನ ವೈದ್ಯನು ಹಾಸಿಗೆ ಹಿಡಿಯುವುದರ ಅಪಾಯಗಳನ್ನು ಕುರಿತು ಲೇಖನವೊಂದನ್ನು ಬರೆದು ವೈದ್ಯಸಮುದಾಯವನ್ನು ಎಚ್ಚರಿಸಿದನು. ವಾರನ್ ಅವರ ವಾರ್ಡುಗಳಲ್ಲಿ ಈ ಎಚ್ಚರವು ಅದಕ್ಕೂ ಮುಂಚೆಯೇ ಆಚರಣೆಗೆ ಬಂದಿತ್ತು.

ಇದರ ಪರಿಣಾಮವು ಅಂಕೆಗಳಲ್ಲಿಯೇ ಕಾಣುತ್ತದೆ. ದೀರ್ಘರೋಗಿಗಳಿಗೆ ಬೇಕಾದ ಹಾಸಿಗೆಗಳ ಸಂಖ್ಯೆ ಕಾಲಕ್ರಮದಲ್ಲಿ 714ರಿಂದ 240ಕ್ಕೆ ಇಳಿಯಿತು. ತೆರವಾದ ಹಾಸಿಗೆಗಳು ಕ್ಷಯರೋಗಿಗಳಿಗೆ ದೊರೆತುವು. ಎಲ್ಲರೂ ಗುಣಹೊಂದಿ ಮನೆಗೆ ಮರಳಿದರೆಂದು ಇದರಿಂದ ಊಹಿಸಬಾರದು. ಕೆಲವರು ಮನೆಗೆ, ಕೆಲವರು ವೃದ್ಧರ ವಸತಿಗೃಹಗಳಿಗೆ ಹೋದರು. ಮತ್ತೆ ಕೆಲವರಿಗೆ ಆಸ್ಪತ್ರೆಯ ಶುಶ್ರೂಷೆ ಕೊನೆಯವರೆಗೂ ಬೇಕಾಯಿತು. ಯಾರಿಗೆ ಯಾವುದು ಬೇಕೆಂಬುದು ಪರೀಕ್ಷೆಯ ಬಳಿಕ ನಿರ್ಧಾರವಾಯಿತೆಂಬುದೇ ಇಲ್ಲಿಯ ಮುಖ್ಯಾಂಶ.

1943ರಲ್ಲಿಯೂ 1946ರಲ್ಲಿಯೂ ಪ್ರಕಟಿಸಿದ ಎರಡು ಲೇಖನಗಳಲ್ಲಿ ವಾರನ್ ತಮ್ಮ ಅನುಭವವನ್ನು ಸಿದ್ಧಾಂತವಾಗಿ ನಿರೂಪಿಸಿದರು. ವೃದ್ಧರ ಚಿಕಿತ್ಸೆಯು ವೈದ್ಯದ ಒಂದು ವಿಶೇಷ ಶಾಖೆಯಾಗಬೇಕು. ಅದರ ವಾರ್ಡುಗಳು ಊರಾಚೆಯ ಆಶ್ರಮಗಳಲ್ಲಿರದೆ, ಪರೀಕ್ಷಾಸೌಕರ್ಯಗಳುಳ್ಳ ಸಾರ್ವಜನಿಕ ಆಸ್ಪತ್ರೆಯ ಅಂಗವಾಗಿರಬೇಕು. ವೈದ್ಯವಿದ್ಯಾರ್ಥಿಗಳಿಗೂ ದಾದಿಯರಿಗೂ ಅಲ್ಲಿ ಶಿಕ್ಷಣ ದೊರೆಯಬೇಕು — ಇವು ಅವರ ವಾದದ ಸಾರ. 1947ರಲ್ಲಿ ಈ ಕ್ಷೇತ್ರದ ವೈದ್ಯರು ಒಂದು ಸಂಘವನ್ನು ಸ್ಥಾಪಿಸಿಕೊಂಡರು; ಅದು 1959ರಲ್ಲಿ ಬ್ರಿಟಿಷ್ ಜೀರಿಯಾಟ್ರಿಕ್ಸ್ ಸೊಸೈಟಿ ಎಂಬ ಹೆಸರನ್ನು ತಳೆಯಿತು. 1960ರ ಸೆಪ್ಟೆಂಬರಿನಲ್ಲಿ ಪ್ರವಾಸದಲ್ಲಿದ್ದ ವಾರನ್ ಫ್ರಾನ್ಸ್ ದೇಶದಲ್ಲಿ ಮೋಟಾರು ಅಪಘಾತಕ್ಕೀಡಾಗಿ ತೀರಿಕೊಂಡರು.

ಅವರು ತೊಡಗಿಸಿದ ಮಾರ್ಗವನ್ನು ಮುಂದಿನವರು ವಿಸ್ತರಿಸಿದರು. 1965ರಲ್ಲಿ ಬರ್ನಾರ್ಡ್ ಐಸಾಕ್ಸ್ ಎಂಬ ವೈದ್ಯನು ಮುಪ್ಪಿನ ಮಹಾಸಮಸ್ಯೆಗಳನ್ನು ನಾಲ್ಕೆಂದು ಗುರುತಿಸಿದನು: ಚಲನೆ ತಪ್ಪುವುದು, ಆಯತಪ್ಪಿ ಬೀಳುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ಬುದ್ಧಿ ಮಸುಕಾಗುವುದು. ಇವು ರೋಗಗಳಲ್ಲ, ರೋಗಗಳು ವೃದ್ಧರಲ್ಲಿ ತಳೆಯುವ ರೂಪಗಳು. ತರುಣನಿಗೆ ಶ್ವಾಸಕೋಶದ ಉರಿಯೂತ ಬಂದರೆ ಸಾಮಾನ್ಯವಾಗಿ ಜ್ವರವೂ ಕೆಮ್ಮೂ ಕಾಣುತ್ತವೆ. ವೃದ್ಧನಲ್ಲಿ ಜ್ವರವಿಲ್ಲದೆ ಬರಿಯ ಗಲಿಬಿಲಿಯೇ ಕಾಣಬಹುದು. ಹೃದಯಾಘಾತವು ಎದೆನೋವಿಲ್ಲದೆ ಬರಬಹುದು. ಥೈರಾಯ್ಡ್ ಗ್ರಂಥಿಯ ಮಾಂದ್ಯವು ಅರಳುಮರಳೆನಿಸಿಕೊಳ್ಳಬಹುದು. ನಿದ್ರೆಗೆಂದು ಕೊಟ್ಟ ಮಾತ್ರೆಯೇ ಬೀಳುವುದಕ್ಕೆ ಕಾರಣವಾಗಬಹುದು. 'ವಯಸ್ಸಾಯಿತು, ಇನ್ನೇನು' ಎಂಬ ನಮ್ಮ ಮನೆಮಾತು ಇಂಥಲ್ಲೆಲ್ಲ ನಿದಾನದ ಬಾಗಿಲನ್ನು ಮುಚ್ಚಿಬಿಡುತ್ತದೆ.

ಈ ಪದ್ಧತಿಯು ಪ್ರಯೋಗದ ಒರೆಗಲ್ಲಿಗೂ ಗುರಿಯಾಗಿದೆ. 1984ರಲ್ಲಿ ಅಮೆರಿಕದ ಲಾರೆನ್ಸ್ ರೂಬೆನ್‌ಸ್ಟೈನ್ ಮತ್ತು ಸಹೋದ್ಯೋಗಿಗಳು 123 ಮಂದಿ ವೃದ್ಧರೋಗಿಗಳನ್ನು ಎರಡು ಗುಂಪುಗಳಾಗಿ ಮಾಡಿ ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿದರು. ವೃದ್ಧಚಿಕಿತ್ಸಾ ಘಟಕದಲ್ಲಿ ಸಮಗ್ರ ಪರೀಕ್ಷೆ ಪಡೆದವರಲ್ಲಿ ಒಂದು ವರ್ಷದೊಳಗೆ ಸತ್ತವರು ನೂರಕ್ಕೆ 24ರಷ್ಟು. ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 48ರಷ್ಟು. ಅನಂತರದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಮರಣಸಂಖ್ಯೆಯಲ್ಲಿ ಇಷ್ಟು ಅಂತರವು ಉಳಿಯಲಿಲ್ಲ. ಆದರೆ 29 ಪ್ರಯೋಗಗಳನ್ನೊಳಗೊಂಡ 2017ರ ಸಮೀಕ್ಷೆಯು, ಇಂಥ ಪರೀಕ್ಷೆ ಪಡೆದ ವೃದ್ಧರು ತಿಂಗಳುಗಳ ಬಳಿಕ ಜೀವಿಸಿ ಸ್ವಂತ ಮನೆಯಲ್ಲಿರುವ ಸಂಭವ ಹೆಚ್ಚೆಂದು ದೃಢಪಡಿಸಿತು.

ನಮ್ಮ ದೇಶದಲ್ಲಿ ಈ ಶಾಖೆಯು ತಡವಾಗಿ ಕಾಲಿಟ್ಟಿತು. 1978ರಲ್ಲಿ ಮದರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ. ಎಸ್. ನಟರಾಜನ್ ಅವರು ವೃದ್ಧರಿಗಾಗಿ ಪ್ರತ್ಯೇಕ ವಿಭಾಗವನ್ನು ಆರಂಭಿಸಿದರು; 1996ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಈ ವಿಷಯದ ಸ್ನಾತಕೋತ್ತರ ಶಿಕ್ಷಣ ಮೊದಲಾಯಿತು. 2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ವರ್ಷ ಮೀರಿದವರು ಹತ್ತು ಕೋಟಿಗೂ ಹೆಚ್ಚು. ಇವರೆಲ್ಲರಿಗೂ ವಿಶೇಷತಜ್ಞರು ದೊರೆಯುವುದು ಸಾಧ್ಯವಲ್ಲ. ಆದುದರಿಂದ ಸಾಮಾನ್ಯ ಕಾಯಚಿಕಿತ್ಸಕರೇ ಈ ದೃಷ್ಟಿಯನ್ನು ಪಡೆಯಬೇಕಾಗಿದೆ.

ವಾರನ್ ಅವರ ವರ್ಗೀಕರಣವಾಗಲಿ, ಬುದ್ಧಿಭ್ರಂಶರಾದವರನ್ನು ಪ್ರತ್ಯೇಕಿಸುವ ಅವರ ಕ್ರಮವಾಗಲಿ ಇಂದು ಯಥಾವತ್ತಾಗಿ ಗ್ರಾಹ್ಯವಲ್ಲ. ಉಳಿದು ಬಂದಿರುವುದು ಅವರ ಮೊದಲ ಪ್ರಶ್ನೆ. ಮಲಗಿರುವ ಮುದುಕನನ್ನು ಕಂಡಾಗ ಆತನ ವಯಸ್ಸನ್ನು ಕೇಳಿ ಸುಮ್ಮನಾಗದೆ, ಆತನು ಏಕೆ ಏಳಲಾರನೆಂದು ವಿಚಾರಿಸುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಅಧ್ಯಾಪಕವರ್ಗದ ಕರ್ತವ್ಯವೆಂದು ನಾವು ಭಾವಿಸುತ್ತೇವೆ.