ಬಸಿರಿನಲ್ಲಿ ಥೈರಾಯ್ಡ್ ಮಾತ್ರೆ ನಿಲ್ಲಿಸುವುದೇ ಅಪಾಯ

ತಾಯಿಯಾಗಲಿರುವ ಸುದ್ದಿ ತಿಳಿದ ಕೂಡಲೇ, ಮಗುವಿಗೆ ತೊಂದರೆಯಾದೀತೆಂಬ ಭಯದಿಂದ ಅದುವರೆಗೆ ಸೇವಿಸುತ್ತಿದ್ದ ಮಾತ್ರೆಗಳನ್ನೆಲ್ಲ ಬದಿಗಿಡುವ ಮಹಿಳೆಯರಿದ್ದಾರೆ. ಥೈರಾಯ್ಡ್ ಕೊರತೆಗೆ ನೀಡುವ ಥೈರಾಕ್ಸಿನ್ ಮಾತ್ರೆಯ ವಿಷಯದಲ್ಲಿ ಈ ಎಚ್ಚರಿಕೆ ತಿರುಗುಬಾಣವಾಗುತ್ತದೆ. ಆ ದಿನಗಳಲ್ಲಿ ದೇಹಕ್ಕೆ ಬೇಕಾಗುವುದು ಇನ್ನೂ ಹೆಚ್ಚಿನ ಪ್ರಮಾಣ.

ಕತ್ತಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಾರ್ಮೋನು ಭ್ರೂಣದ ಮಿದುಳಿನ ಬೆಳವಣಿಗೆಗೆ ಅತ್ಯಗತ್ಯ. ಭ್ರೂಣದ ಸ್ವಂತ ಗ್ರಂಥಿ ಹಾರ್ಮೋನು ತಯಾರಿಸತೊಡಗುವುದು ಸುಮಾರು 12 ವಾರಗಳ ನಂತರ. ಸಾಕಷ್ಟು ಉತ್ಪಾದಿಸಲು 18ರಿಂದ 20 ವಾರಗಳಾಗಬೇಕು. ಅಲ್ಲಿಯವರೆಗೆ ತಾಯಿಯ ಹಾರ್ಮೋನೇ ಆಸರೆ. ಕೊರತೆಗೆ ಚಿಕಿತ್ಸೆ ಪಡೆಯದ ತಾಯಂದಿರ ಮಕ್ಕಳ ಬುದ್ಧಿಮತ್ತೆಯ ಅಂಕ ಇತರ ಮಕ್ಕಳಿಗಿಂತ ಸರಾಸರಿ 7ರಷ್ಟು ಕಡಿಮೆಯಿದ್ದುದನ್ನು 1999ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಗರ್ಭಪಾತ, ಅವಧಿಪೂರ್ವ ಹೆರಿಗೆ, ರಕ್ತದೊತ್ತಡದ ಅಪಾಯವೂ ಹೆಚ್ಚು.

ಮಾತ್ರೆಯ ಪ್ರಮಾಣವನ್ನು ಶೇ. 25ರಿಂದ 50ರಷ್ಟು ಹೆಚ್ಚಿಸಬೇಕಾಗಬಹುದು. ಅದೂ 4ರಿಂದ 6ನೇ ವಾರದಲ್ಲೇ. ಮೂರು ತಿಂಗಳು ತುಂಬುವವರೆಗೆ ಸುದ್ದಿಯನ್ನು ಗುಟ್ಟಾಗಿಡುವ ರೂಢಿ ನಮ್ಮ ಮನೆಗಳಲ್ಲಿದೆ. ನೆಂಟರಿಷ್ಟರಿಂದ ಮುಚ್ಚಿಡಲಿ, ವೈದ್ಯರಿಂದ ಬೇಡ. ಬಳಿಕ ಗರ್ಭಾವಸ್ಥೆಯ ಅರ್ಧ ಅವಧಿಯವರೆಗೆ ಸುಮಾರು ನಾಲ್ಕು ವಾರಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು.

ಇನ್ನೊಂದು ತೊಡಕು ಬಹಳಷ್ಟು ಮಂದಿಯ ಗಮನಕ್ಕೇ ಬರುವುದಿಲ್ಲ. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶ ಹಾಗೂ ಕ್ಯಾಲ್ಸಿಯಂ ಮಾತ್ರೆಗಳು ಥೈರಾಕ್ಸಿನ್ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ಮರೆಯಬಾರದೆಂದು ಮೂರನ್ನೂ ಒಟ್ಟಿಗೆ ನುಂಗಿದರೆ ಥೈರಾಕ್ಸಿನ್ ಭಾಗಶಃ ವ್ಯರ್ಥ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಥೈರಾಕ್ಸಿನ್ ಸೇವಿಸಿ, ಅರ್ಧದಿಂದ ಒಂದು ತಾಸಿನ ನಂತರ ಕಾಫಿ ಕುಡಿಯಬಹುದು. ಉಳಿದೆರಡು ಮಾತ್ರೆಗಳಿಗೆ ಕನಿಷ್ಠ ನಾಲ್ಕು ತಾಸಿನ ಅಂತರವಿರಲಿ.

ಸುಸ್ತು, ಮಲಬದ್ಧತೆ, ತೂಕ ಏರಿಕೆಗಳೆಲ್ಲ ಬಸಿರಿನಲ್ಲಿ ಸಹಜವೇ ಆದ್ದರಿಂದ ಲಕ್ಷಣ ನೋಡಿ ರೋಗ ಗುರುತಿಸುವುದು ಕಷ್ಟ. ಕುಟುಂಬದಲ್ಲಿ ಥೈರಾಯ್ಡ್ ತೊಂದರೆ, ಹಿಂದೆ ಗರ್ಭಪಾತ, ಬಂಜೆತನದ ಚಿಕಿತ್ಸೆ ಮುಂತಾದ ಹಿನ್ನೆಲೆಯುಳ್ಳವರಿಗೆ ಆರಂಭದಲ್ಲೇ ಪರೀಕ್ಷೆ ಅಗತ್ಯ. ಅಪಾಯದಂಚಿನಲ್ಲಿರುವ ಗರ್ಭಿಣಿಯರ ತಪಾಸಣೆಗಾಗಿ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಾಗೆಂದು ಟಿಎಸ್‌ಎಚ್ ತುಸು ಏರಿದ ಮಾತ್ರಕ್ಕೆ ಗಾಬರಿ ಬೇಡ. ಅಂತಹ ಅಲ್ಪ ಕೊರತೆಗೆ ಚಿಕಿತ್ಸೆ ಪಡೆದವರ ಮತ್ತು ಪಡೆಯದವರ ಮಕ್ಕಳ ಬುದ್ಧಿಮತ್ತೆಯಲ್ಲಿ ಐದನೇ ವಯಸ್ಸಿಗೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲವೆಂದು 2017ರ ಅಧ್ಯಯನವೊಂದು ವರದಿ ಮಾಡಿದೆ.

ಥೈರಾಯ್ಡ್ ಅತಿಯಾಗಿ ಸ್ರವಿಸುವವರ ಕಥೆ ಬೇರೆ. ಅವರು ಸೇವಿಸುವ ಕಾರ್ಬಿಮಜೋಲ್ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲುದು. ಔಷಧ ಬದಲಿಸುವ ಬಗ್ಗೆ ಗರ್ಭಧಾರಣೆಗೆ ಮುನ್ನವೇ ವೈದ್ಯರೊಡನೆ ಚರ್ಚಿಸಬೇಕು.

ಹೆರಿಗೆಯ ನಂತರ ಥೈರಾಕ್ಸಿನ್ ಸಾಮಾನ್ಯವಾಗಿ ಹಳೆಯ ಪ್ರಮಾಣಕ್ಕೇ ಮರಳುತ್ತದೆ. ಸುಮಾರು ಆರು ವಾರಕ್ಕೆ ಮತ್ತೊಂದು ರಕ್ತಪರೀಕ್ಷೆ. ಎದೆಹಾಲುಣಿಸುವಾಗಲೂ ಮಾತ್ರೆ ನಿಲ್ಲಿಸಬೇಕಿಲ್ಲ.