ನೀರೂ ಒಂದು ಮದ್ದು: ಎಷ್ಟರ ಮಟ್ಟಿಗೆ?

ಜಲಚಿಕಿತ್ಸೆ ಎಂದ ಕೂಡಲೇ ಕೆಲವರು ಕೈಮುಗಿಯುತ್ತಾರೆ, ಕೆಲವರು ನಗುತ್ತಾರೆ. ನೀರು ಮೈಗೆ ನಿಜವಾಗಿ ಏನು ಮಾಡುತ್ತದೆ ಅಂತ ಕೇಳುವವರು ಕಡಿಮೆ. ನಾನು ಬಿ.ಕಾಂ. ಓದುವವಳು, ವೈದ್ಯಕೀಯದವಳಲ್ಲ. ಆದರೆ ನಮ್ಮ ಬಳಗ ಗುಜರಾತಿನಲ್ಲಿದೆ. ಅತ್ತೆ-ಮಾವ ವಡೋದರಾದಲ್ಲಿ, ಚಿಕ್ಕಪ್ಪ ಸೂರತ್ತಿನಲ್ಲಿ. ಅವರಿಬ್ಬರ ಮನೆಯಲ್ಲೂ ಈ ಪ್ರಶ್ನೆ ಎದ್ದದ್ದರಿಂದ ಓದಿ, ಕೇಳಿ ತಿಳಿದಷ್ಟನ್ನು ಬರೆಯುತ್ತಿದ್ದೇನೆ. ಹತ್ತನೇ ಇಯತ್ತೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ನನಗೆ ‘ಹೈಡ್ರೊಥೆರಪಿ’ ಎಂಬ ಹೆಸರೇ ಮೊದಲು ಹೆದರಿಕೆ ಹುಟ್ಟಿಸಿತ್ತು. ನೋಡಹೋದರೆ ಅದು ಜ್ವರ ಬಂದಾಗ ಅಜ್ಜಿ ಹಣೆಗೆ ಹಾಕುತ್ತಿದ್ದ ಒದ್ದೆ ಪಟ್ಟಿಯ ದೊಡ್ಡ ಸಂಬಂಧಿ, ಅಷ್ಟೇ.

ಅಹಮದಾಬಾದಿನಿಂದ ಶುರುಮಾಡೋಣ. 1918ರಲ್ಲಿ ಗಾಂಧೀಜಿ ಸೈನ್ಯಕ್ಕೆ ಜನ ಸೇರಿಸಲು ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ಅಲೆದು, ಆಮಶಂಕೆಯಾಗಿ ನಡಿಯಾದಿನಲ್ಲಿ ಹಾಸಿಗೆ ಹಿಡಿದರು. ಅಂಬಾಲಾಲ ಸಾರಾಭಾಯಿ ಅವರನ್ನು ಅಹಮದಾಬಾದಿನ ತಮ್ಮ ಬಂಗಲೆಗೆ ಕರೆತಂದರು. ಅಲ್ಲಿಂದ ಹಠಮಾಡಿ ಗಾಂಧೀಜಿ ಸಾಬರಮತಿಯ ಆಶ್ರಮಕ್ಕೆ ಹೋದರು. ಔಷಧಿ ಬೇಡವೆಂದು ಜಲಚಿಕಿತ್ಸೆ ನಡೆಸಿದರು. ಸ್ವಲ್ಪ ಹಿತವಾಯಿತು, ಆದರೆ ಮೈ ತುಂಬಿಕೊಳ್ಳಲಿಲ್ಲ ಎಂದು ಆತ್ಮಕಥೆಯಲ್ಲಿ ಅವರೇ ಹೇಳಿದ್ದಾರೆ. ಒಂದು ರಾತ್ರಿಯಂತೂ ಸಾವು ಬಾಗಿಲಿಗೆ ಬಂತೆಂದು ತಿಳಿದು ಅನಸೂಯಾಬೆನ್‌ಗೆ ಹೇಳಿಕಳಿಸಿದರು. ವಲ್ಲಭಭಾಯಿ ಡಾಕ್ಟರ್ ಕಾನುಗಾರನ್ನು ಕರೆತಂದರು. ಡಾಕ್ಟರರು ನಾಡಿ ನೋಡಿ, ಅಪಾಯವೇನಿಲ್ಲ, ಅತೀವ ನಿಶ್ಶಕ್ತಿಯಿಂದ ನರಗಳು ಸೋತಿವೆ ಎಂದರು. ಅಂದ್ರೆ ಮೈಯ ಸೋಲು ಮನಸ್ಸಿಗೂ ಹತ್ತಿತ್ತು.

ಆಮೇಲೆ ಬಂದವರು ಕೇಳ್ಕರ್. ಮೈಗೆಲ್ಲ ಮಂಜುಗಡ್ಡೆ ಹಚ್ಚುವುದೇ ಇವರ ಚಿಕಿತ್ಸೆ. ಹಾಗಾಗಿ ‘ಐಸ್ ಡಾಕ್ಟರ್’ ಎಂಬ ಹೆಸರು ಬಿತ್ತು. ಗಾಂಧೀಜಿ ಮೈಯೊಡ್ಡಿದರು. ಫಲದ ಬಗ್ಗೆ ಅವರು ಬರೆದದ್ದು ನನಗೆ ಬಹಳ ಹಿಡಿಸಿತು. ಕೇಳ್ಕರ್ ಹೇಳಿಕೊಂಡಷ್ಟು ಪರಿಣಾಮವಾಯಿತೆಂದು ಅವರು ಒಪ್ಪುವುದಿಲ್ಲ. ಆದರೆ ಹೊಸ ಆಸೆ, ಹೊಸ ಹುರುಪು ಬಂತು, ಹಸಿವಾಯಿತು, ಐದು ಹತ್ತು ನಿಮಿಷ ನಡೆದಾಡುವಂತಾಯಿತು ಎನ್ನುತ್ತಾರೆ. ನಿಜವಾದ ಶಕ್ತಿ ಬಂದದ್ದು ಮುಂದೆ, ಕಸ್ತೂರಬಾ ಸೂಚಿಸಿದ ಆಡಿನ ಹಾಲು ಕುಡಿಯತೊಡಗಿದ ಮೇಲೆ. ತನಗೆ ಪ್ರಿಯವಾದ ಚಿಕಿತ್ಸೆಯ ಲೆಕ್ಕವನ್ನೂ ಹೀಗೆ ಜಮಾ-ಖರ್ಚು ಎರಡೂ ತೋರಿಸಿ ಬರೆದವರು ಎಷ್ಟು ಮಂದಿ ಇದ್ದಾರೆ? (ವಾಣಿಜ್ಯದವರ ಚಾಳಿ, ಕ್ಷಮಿಸಿ.)

ಗಾಂಧೀಜಿ ಇದನ್ನು ಕಲಿತದ್ದು ಜರ್ಮನಿಯ ಲೈಪ್ಜಿಗ್ ನಗರದ ಲೂಯಿ ಕೂನೆಯ ಪುಸ್ತಕದಿಂದ. ತೊಟ್ಟಿಯಲ್ಲಿ ಹೊಕ್ಕುಳದವರೆಗೆ ನೀರು, ಕಾಲು ಹೊರಗೆ, ಬಟ್ಟೆಯಿಂದ ಹೊಟ್ಟೆ ಉಜ್ಜುವುದು: ಇದು ಕೂನೆಯ ಕಟಿಸ್ನಾನ. ಎಲ್ಲಾ ರೋಗಕ್ಕೂ ಮೂಲ ಒಂದೇ, ಮೈಯಲ್ಲಿ ಸೇರಿದ ಕಲ್ಮಷ, ಅದನ್ನು ನೀರು ಹೊರಹಾಕುತ್ತದೆ ಎಂಬುದು ಆತನ ಸಿದ್ಧಾಂತ. ಸಿದ್ಧಾಂತ ನಿಲ್ಲಲಿಲ್ಲ. 1902ರಲ್ಲಿ ಮುಂಬಯಿಯಲ್ಲಿ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಏರಿದಾಗ ಗಾಂಧೀಜಿ ಕಟಿಸ್ನಾನ ಮಾಡಿಸಿ, ಒದ್ದೆ ಹಾಳೆ ಸುತ್ತಿದರು. ಹುಡುಗ ಬೆವರಿದ, ಜ್ವರ ಇಳಿಯಿತು, ಉಳಿದುಕೊಂಡ. ಆದರೆ ಟೈಫಾಯ್ಡ್ ರೋಗಾಣುವಿನಿಂದ ಬರುವಂಥದು. ನೀರು ಮೈಯ ಕಾವು ಇಳಿಸಬಲ್ಲದು, ಕರುಳಿನ ರೋಗಾಣುವನ್ನು ಮುಟ್ಟಲಾರದು. ಇಂದು ಯಾರಾದರೂ ಅದಕ್ಕೆ ಆಂಟಿಬಯಾಟಿಕ್ ಬಿಟ್ಟು ಒದ್ದೆ ಹಾಳೆಯನ್ನೇ ನಂಬಿದರೆ ಅದು ಜೀವದ ಜೂಜು.

ಹಾಗಾದರೆ ನೀರಿನ ಗುಣ ಯಾವುದು? ಒಂದು, ಅದು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಇನ್ನೊಂದು, ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಆರ್ಕಿಮಿಡೀಸ್ ತತ್ವ, ಅದು ಭಾರ ಹೊರುತ್ತದೆ. ಇವೆರಡು ಸಾಕು ಮುಕ್ಕಾಲು ವಿಷಯ ತಿಳಿಯಲು.

ಶಾಖದ ಮಾತಿಗೆ ಅಹಮದಾಬಾದಿಗಿಂತ ಉದಾಹರಣೆ ಬೇಡ. 2010ರ ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಸಾವು ಹೆಚ್ಚು ಆದವೆಂದು ಆಮೇಲೆ ಲೆಕ್ಕ ಸಿಕ್ಕಿತು. 2013ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆ ಬಿಸಿಲ ಹೊಡೆತ ಎದುರಿಸುವ ಯೋಜನೆ ತಂದಿತು. ದಕ್ಷಿಣ ಏಷ್ಯಾದಲ್ಲೇ ಅಂಥದು ಮೊದಲನೆಯದು. ಬಿಸಿಲ ಹೊಡೆತ ಅಂದ್ರೆ ಮೈಯ ಒಳಕಾವು 40 ಡಿಗ್ರಿ ದಾಟಿ ಬುದ್ಧಿ ಕಲಕುವ ಸ್ಥಿತಿ. ಜ್ವರದ ಗುಳಿಗೆ ಇಲ್ಲಿ ಕೆಲಸಕ್ಕೆ ಬಾರದು. ನೀರೇ ಚಿಕಿತ್ಸೆ: ದುಡಿಮೆಯಲ್ಲಿ ಕುಸಿದ ಗಟ್ಟಿಮುಟ್ಟಾದವರನ್ನು ಮಂಜುಗಡ್ಡೆ ಹಾಕಿದ ತಣ್ಣೀರ ತೊಟ್ಟಿಯಲ್ಲಿ ಮಲಗಿಸಿ ಅರ್ಧ ಗಂಟೆಯೊಳಗೆ ಕಾವು ಇಳಿಸಬೇಕು. ಮುದುಕರಿಗೆ ಮೈಯೆಲ್ಲ ತೋಯಿಸಿ ಜೋರಾಗಿ ಗಾಳಿ ಹಾಕುವುದು. ಕೇಳ್ಕರರ ಮಂಜುಗಡ್ಡೆಗೆ ಕೊನೆಗೂ ಸರಿಯಾದ ರೋಗ ಸಿಕ್ಕಿತು ಎನ್ನಬೇಕು!

ಭಾರದ ಮಾತಿಗೆ ಸೂರತ್ತಿನ ಚಿಕ್ಕಪ್ಪ ಇದ್ದಾರೆ. ಬಟ್ಟೆ ವ್ಯಾಪಾರದ ಅಂಗಡಿಯಲ್ಲಿ ಮೂವತ್ತು ವರ್ಷ ನಿಂತೇ ದುಡಿದವರು, ಎರಡೂ ಮೊಣಕಾಲು ಸವೆದಿವೆ. ನಡೆದರೆ ನೋವು, ನಡೆಯದಿದ್ದರೆ ಸ್ನಾಯು ಸೊರಗಿ ಇನ್ನೂ ನೋವು. ಫಿಸಿಯೋಥೆರಪಿಯವರು ಅವರನ್ನು ಎದೆಮಟ್ಟದ ಬೆಚ್ಚಗಿನ ನೀರಿನಲ್ಲಿ ನಡೆಯಲು ಹಚ್ಚಿದರು. ಸೊಂಟದವರೆಗೆ ನೀರಿದ್ದರೆ ಕಾಲಿನ ಮೇಲೆ ಬೀಳುವ ಭಾರ ಅರ್ಧಕ್ಕಿಳಿಯುತ್ತದೆ. ಎದೆಯವರೆಗಿದ್ದರೆ ಸುಮಾರು ಮೂರನೇ ಒಂದು ಪಾಲು. ಎಪ್ಪತ್ತು ಕಿಲೋ ಚಿಕ್ಕಪ್ಪ ಇಪ್ಪತ್ತು ಚಿಲ್ಲರೆ ಕಿಲೋ ಆಗಿಬಿಟ್ಟರು! ನೀರಿನ ವ್ಯಾಯಾಮದ ಬಗ್ಗೆ ನಡೆದ 13 ಪರೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಕಾಕ್ರೇನ್ ವರದಿಯೂ ಮೊಣಕಾಲು, ಸೊಂಟದ ಕೀಲು ಸವೆತಕ್ಕೆ ಸಣ್ಣ ಪ್ರಮಾಣದ, ಸ್ವಲ್ಪ ಕಾಲದ ಲಾಭ ಉಂಟು ಎನ್ನುತ್ತದೆ. ಸಣ್ಣದು ಎಂಬ ಶಬ್ದ ಮರೆಯಬಾರದು. ಆದರೆ ಚಿಕ್ಕಪ್ಪ ಈಗ ಮಹಡಿ ಮೆಟ್ಟಿಲು ಹತ್ತುತ್ತಾರೆ, ಅದು ಅವರಿಗೆ ಸಣ್ಣದಲ್ಲ. ಅವರ ನೆರೆಯವರು ಉನಾಯಿ ಮಾತೆಯ ಗುಡಿಯ ಬಿಸಿನೀರ ಬುಗ್ಗೆಗೂ ಹೋಗಿ ಬರುತ್ತಾರೆ, ನಮ್ಮ ಪುತ್ತೂರು ಕಡೆಯ ಬೆಂದ್ರ್ ತೀರ್ಥದ ಹಾಗೆ.

ಮನಸ್ಸಿನ ವಿಷಯ ಇಷ್ಟು ಸುಲಭವಲ್ಲ. ಹಿಂದೆ ಯುರೋಪು, ಅಮೆರಿಕಗಳ ಹುಚ್ಚಾಸ್ಪತ್ರೆಗಳಲ್ಲಿ ನೀರು ದೊಡ್ಡ ಚಿಕಿತ್ಸೆಯಾಗಿತ್ತು. ಜರ್ಮನಿಯ ಕ್ರೆಪೆಲಿನ್ ಉದ್ರಿಕ್ತ ರೋಗಿಗಳನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರಿಸುತ್ತಿದ್ದ. ಸರಪಳಿಗಿಂತ ಅದು ಮೇಲೇ ಹೌದು. ಆದರೆ ಎಷ್ಟೋ ಕಡೆ ತೊಟ್ಟಿಯ ಮೇಲೆ ಕ್ಯಾನ್ವಾಸು ಬಿಗಿದು ತಲೆಯಷ್ಟನ್ನೇ ಹೊರಗೆ ಬಿಟ್ಟರು, ತಣ್ಣೀರಲ್ಲಿ ಅದ್ದಿದ ಹಾಳೆಯಲ್ಲಿ ಮನುಷ್ಯರನ್ನು ಬಿಗಿಯಾಗಿ ಸುತ್ತಿದರು. ಚಿಕಿತ್ಸೆ ಎಲ್ಲಿ ಮುಗಿದು ಶಿಕ್ಷೆ ಎಲ್ಲಿ ಶುರುವಾಯಿತೋ ಹೇಳುವುದು ಕಷ್ಟ. 1952ರಿಂದ ಕ್ಲೋರ್‌ಪ್ರೊಮಜಿನ್ ಎಂಬ ಔಷಧಿ ಬಳಕೆಗೆ ಬಂದ ಮೇಲೆ ಈ ತೊಟ್ಟಿಗಳು ಮೂಲೆ ಸೇರಿದವು.

ವಡೋದರಾದ ನನ್ನ ಅತ್ತೆಗೆ ಎರಡು ವರ್ಷದಿಂದ ಕಾರಣವಿಲ್ಲದ ದಿಗಿಲು, ನಿದ್ದೆಯಿಲ್ಲ. ಮನೋವೈದ್ಯರ ಗುಳಿಗೆಯಿಂದ ಸುಧಾರಿಸಿದ್ದರು. ಆಗ ಯಾರೋ ಒಂದು ನಿಸರ್ಗೋಪಚಾರದ ಕಡೆ ಕರೆದೊಯ್ದರು. “ಗುಳಿಗಿ ಎಲ್ಲಾ ವಿಷ ಅಂತ, ಇವತ್ತೇ ಬಿಡಬೇಕಂತ, ಕಟಿಸ್ನಾನ ಸಾಕಂತ” ಎಂದು ಅತ್ತೆ ಫೋನಿನಲ್ಲಿ ಉತ್ಸಾಹದಿಂದ ಹೇಳಿದರು. ಮೊದಲ ವಾರ ಚೆನ್ನಾಗಿಯೇ ಇತ್ತು. ಮೂರನೇ ವಾರ ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ, ಕೈನಡುಕ, ಬಚ್ಚಲಿಗೆ ಒಬ್ಬರೇ ಹೋಗಲೂ ಭಯ. ಮಾವ ಮತ್ತೆ ಮನೋವೈದ್ಯರ ಬಳಿ ಕರೆದೊಯ್ದರು. ಇಂಥ ಗುಳಿಗೆಗಳನ್ನು ಒಮ್ಮೆಲೇ ನಿಲ್ಲಿಸಬಾರದು, ಬಿಡಬೇಕಾದರೂ ಮೆಟ್ಟಿಲಿಳಿದ ಹಾಗೆ ಇಳಿಸಬೇಕು ಎಂದು ಆ ಡಾಕ್ಟರರು ತಿಳಿಹೇಳಿದರು. ಆದರೆ ನೀರನ್ನು ಬೈಯಲಿಲ್ಲ. “ಅಲ್ಲಿ ಯಾವುದು ನಿಮಗೆ ಹಿತವಾಗಿತ್ತು?” ಅಂತ ಕೇಳಿದರಂತೆ. ಸಂಜೆ ಬಿಸಿನೀರಿನಲ್ಲಿ ಕಾಲಿಡುವುದು ಎಂದರು ಅತ್ತೆ. ಅದನ್ನು ಬಿಡಬೇಡಿ, ಗುಳಿಗೆಯನ್ನೂ ಬಿಡಬೇಡಿ ಎಂದರು ಡಾಕ್ಟರು.

ಇದಕ್ಕೂ ಆಧಾರವಿದೆ. ಬಿಸಿನೀರು ಕಾಲಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಕಾವು ಚರ್ಮದ ಮೂಲಕ ಹೊರಗೆ ಹೋಗುತ್ತದೆ, ಒಳಮೈ ತುಸು ತಣ್ಣಗಾಗುತ್ತದೆ. ಮೈಗೆ ನಿದ್ದೆಯ ಸೂಚನೆಯೇ ಅದು. ಮಲಗುವ ಒಂದೆರಡು ಗಂಟೆ ಮೊದಲು, 40ರಿಂದ 42 ಡಿಗ್ರಿಯ ನೀರು, ಹತ್ತು ನಿಮಿಷ ಸಾಕು. ಕುದಿಯುವ ನೀರು ಸುರಿದುಕೊಳ್ಳುವ ನಮ್ಮ ಕಡೆಯ ಶೌರ್ಯ ಇಲ್ಲಿ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ತಿಳಿಯುವುದಿಲ್ಲ, ಆದ್ದರಿಂದ ಬೇರೆಯವರು ಮೊಣಕೈ ಅದ್ದಿ ನೋಡಿ ಕೊಡಬೇಕು. ಹೃದಯದ ತೊಂದರೆ ಇರುವವರು ಮಂಜಿನ ನೀರಿಗೆ ಇಳಿಯಬಾರದು, ಮೂರ್ಛೆರೋಗದವರು ತೊಟ್ಟಿಯಲ್ಲಿ ಒಬ್ಬರೇ ಕೂರಬಾರದು. ಅತ್ತೆ ಈಗ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡೇ ರಾತ್ರಿಯ ಸೊಪ್ಪು ಬಿಡಿಸುತ್ತಾರೆ.