ಕಾರಿನ ಬಾಗಿಲು ಕೂರುವುದು ಗುಂಡಿಯಿಂದಲ್ಲ

"ನಾಗಮಂಗಲ ರೋಡಲ್ಲಿ ಓಡ್ಸಿ ಓಡ್ಸಿ ಡೋರ್ ಕೂತೋಯ್ತು ಕಣಣ್ಣ." ಕೆ.ಆರ್. ಪೇಟೆಯಿಂದ ಶ್ರೀರಂಗಪಟ್ಟಣದವರೆಗೆ ಹಳೇ ಕಾರು ಇಟ್ಟುಕೊಂಡವರು ಹೇಳುವುದು ಇದನ್ನೇ. ರಸ್ತೆಯನ್ನು ಬಯ್ಯಲು ಕಾರಣಗಳು ಬೇಕಾದಷ್ಟಿವೆ, ಇದೊಂದನ್ನು ಮಾತ್ರ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಗುಂಡಿಯೇ ಮುಖ್ಯ ಕಾರಣವಾಗಿದ್ದರೆ ನಾಲ್ಕು ಬಾಗಿಲೂ ಒಟ್ಟಿಗೆ ಕೂರಬೇಕಿತ್ತು. ಮೊದಲು ಕೂರುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲು. ಮುಚ್ಚಿದ ಬಾಗಿಲನ್ನು ಹಿಂದುಗಡೆಯಿಂದ ಲಾಕ್ ಕೂಡ ಹಿಡಿದಿರುತ್ತದೆ. ತೆರೆದಾಗ ಭಾರವೆಲ್ಲ ಎರಡು ಹಿಂಜ್‌ಗಳ ಮೇಲೆ. ಆಗಲೇ ನಾವು ಅದರ ಮೇಲೆ ಮೊಣಕೈ ಊರಿ ಕಬ್ಬಿನ ರೇಟು ಮಾತಾಡುವುದು, ಅಜ್ಜಿ ಅದನ್ನೇ ಹಿಡಿದು ಮೈಭಾರ ಬಿಟ್ಟು ಇಳಿಯುವುದು.

ಎರಡನೇ ನಂಬಿಕೆ ಇನ್ನೂ ಗಟ್ಟಿ: ಲಾಕಿನ ಕೊಂಡಿಯನ್ನು ಸ್ವಲ್ಪ ಕೆಳಗಿಳಿಸಿದರೆ ಸಾಕು ಎಂಬುದು. ಐದು ನಿಮಿಷದ ಕೆಲಸ, ಬಾಗಿಲು ಸಲೀಸಾಗಿ ಮುಚ್ಚುತ್ತದೆ. ಆದರೆ ಅದು ಇಳಿದ ಜಾಗದಲ್ಲೇ ಇರುತ್ತದೆ. ಮೇಲೆ ಸಂದು ಬಿಟ್ಟು ಬೀಡಿಂಗ್ ಸರಿಯಾಗಿ ಕೂರುವುದಿಲ್ಲ, ಮಳೆನೀರು ಒಳಗೆ ಬರುತ್ತದೆ. ಕೆಳಗೆ ಅಂಚು ಉಜ್ಜಿ ಬಣ್ಣ ಹೋಗಿ ತುಕ್ಕು ಹಿಡಿಯುತ್ತದೆ.

ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಪರೀಕ್ಷೆ. ಬಾಗಿಲನ್ನು ಅರ್ಧ ತೆರೆದು ಹಿಂದಿನ ತುದಿಗೆ ಕೈಕೊಟ್ಟು ಎತ್ತಿ ಇಳಿಸಿ. ಇನ್ನೊಬ್ಬರು ಹಿಂಜನ್ನೇ ದಿಟ್ಟಿಸಲಿ. ಪಿನ್ನು ಬುಷ್‌ನೊಳಗೆ ಕುಣಿದರೆ ಸವೆತ. ಹಿಂಜಿನ ಪಟ್ಟಿ ಜರುಗಿದರೆ ಬೋಲ್ಟು ಸಡಿಲ. ಪಿಲ್ಲರಿನ ತಗಡೇ ಮಿಸುಕಿದರೆ ತುಕ್ಕೋ ಬಿರುಕೋ ಇದೆ, ಅದು ಟಿಂಕರಿಂಗ್‌ನವರ ಕೆಲಸ. ಏನೂ ಅಲುಗದೆ ಬಾಗಿಲು ಇಳಿದಿದ್ದರೆ ಹಿಂಜ್ ಬಗ್ಗಿರಬಹುದು.

ಗ್ರೀಸ್ ಹಚ್ಚಿದರೆ ಕಿರುಗುಟ್ಟುವುದು ನಿಲ್ಲುತ್ತದೆ, ಸವೆದ ಲೋಹ ಮರಳುವುದಿಲ್ಲ. ಹಿಂಜಿನ ಸಂದಿಗೆ ಮರದ ತುಂಡು ಕೊಟ್ಟು ಬಾಗಿಲನ್ನು ಅಮುಕುವವರೂ ಇದ್ದಾರೆ. ಹಿಂಜ್ ಬಗ್ಗಿ ಬಾಗಿಲು ಮೇಲೆದ್ದಂತೆ ಕಾಣುತ್ತದೆ, ಪಿನ್ನಿನ ಆಟ ಹಾಗೇ ಉಳಿಯುತ್ತದೆ. ವೆಲ್ಡಿಂಗ್ ಅಂತೂ ಬೇಡವೇ ಬೇಡ. ಮುಂದೆ ಪಿನ್ನು ಬಿಚ್ಚಲು ಬಂದವನು ಹಿಡಿಶಾಪ ಹಾಕುತ್ತಾನೆ.

"ಅಂಬಾಸಿಡರ್, ಮಾರುತಿ 800 ಎರಡೂ 2014ಕ್ಕೇ ನಿಂತೋದ್ವು, ಪಾರ್ಟು ಎಲ್ಲಿ ಸಿಗುತ್ತೆ?" ಎಂದು ಗುಜರಿಯಿಂದ ಇಡೀ ಬಾಗಿಲು ತರಬೇಕಿಲ್ಲ. ಪಿನ್ನು ಬಿಚ್ಚಿಬರುವ ಹಿಂಜಾದರೆ ಲೇತ್ ಅಂಗಡಿಯವರು ಸವೆದ ತೂತನ್ನು ದುಂಡಗೆ ಕೊರೆದು, ಅದರ ಅಳತೆಗೆ ಹಿತ್ತಾಳೆ ಬುಷ್ಷು, ಉಕ್ಕಿನ ಪಿನ್ನು ಮಾಡಿಕೊಡಬಲ್ಲರು. ಬಿಚ್ಚುವಾಗ ಬಾಗಿಲಿನ ಕೆಳಗೆ ಜಾಕು, ಅದರ ಮೇಲೆ ಮಡಿಚಿದ ಗೋಣಿಚೀಲ ಇರಲಿ. ಹಿಂಜಿನ ಸುತ್ತ ಗೆರೆ ಎಳೆದುಕೊಂಡು, ಒಂದು ಹಿಂಜ್ ಮುಗಿದ ಮೇಲೆ ಇನ್ನೊಂದಕ್ಕೆ ಕೈಹಾಕಿ.

ಹಿಂದೆ ಯಾರೋ ಕೆಳಗಿಳಿಸಿದ್ದ ಲಾಕಿನ ಕೊಂಡಿಯನ್ನು ಕೊನೆಗೆ ಮೇಲೆತ್ತಬೇಕು. ಅದರ ಮೊದಲಿನ ಜಾಗ ಎಷ್ಟೋ ಸಲ ಹಳೇ ಬಣ್ಣದ ಗುರುತಿನಲ್ಲೇ ಸಿಗುತ್ತದೆ.